ನಿಂತುಕೊಂಡೇ ಬರೆಸಿದ ತೋಟಗಾರ

ಊಟಿಯ ಸಸ್ಯೋದ್ಯಾನಕ್ಕೆ ಹೋದವರು ಹುಲ್ಲುಹಾಸಿನ ಮೇಲೆ ಕೂತು, ಗಾಜಿನ ಮನೆಯೊಳಗೆ ಒಂದು ಸುತ್ತು ಹಾಕಿ, ಮರಗಳ ಹೆಸರಿನ ಫಲಕ ಒಂದೆರಡನ್ನು ಓದಿ ವಾಪಸು ಬರುತ್ತಾರೆ. ಮರಕ್ಕೆ ಹೆಸರು ಬರೆದು ಹಾಕಬೇಕು, ಬಂದವರು ಅದನ್ನು ಓದಿ ಕಲಿಯಬೇಕು ಅಂತ ಹಠ ಹಿಡಿದವರು ಯಾರು ಅಂತ ಕೇಳುವವರು ಕಡಿಮೆ. 1848ರಲ್ಲಿ ಆ ತೋಟವನ್ನು ರೂಪಿಸಲು ನೀಲಗಿರಿಗೆ ಬಂದ ವಿಲಿಯಂ ಗ್ರಹಾಂ ಮ್ಯಾಕೈವರ್ ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ ಬಂದವನು. ಅವನ ಓರಗೆಯ ಬ್ರಿಟಿಷ್ ತೋಟಗಾರರು ಇನ್ನೂ ಹುಡುಗರಾಗಿದ್ದಾಗ ತೋಟದ ವಿಷಯ ಓದಬೇಕೆಂದರೆ ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುತ್ತಿದ್ದ ಹೆಸರು ಜಾನ್ ಕ್ಲಾಡಿಯಸ್ ಲೌಡನ್. ತೋಟದ ಬಗ್ಗೆ ಬರೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಮೊದಲಿಗರಲ್ಲಿ ಒಬ್ಬ. ಅದರಿಂದ ಹೆಸರು ಬಂತು, ಸಾಲವೂ ಬಂತು. ಹೆಸರು ಉಳಿಯಿತು. ಸಾಲದ ಕತೆ ಮುಂದೆ ಹೇಳುತ್ತೇನೆ.

1783ರ ಏಪ್ರಿಲ್ 8ರಂದು ಸ್ಕಾಟ್ಲೆಂಡಿನ ಕ್ಯಾಂಬಸ್ಲಾಂಗ್ ಎಂಬ ಊರಿನಲ್ಲಿ ಹುಟ್ಟಿದ. ಅಪ್ಪ ಬೇಸಾಯಗಾರ, ಎಡಿನ್‌ಬರೋ ಹತ್ತಿರ ಹೊಲ ಮಾಡಿಕೊಂಡಿದ್ದವನು. ಮಗನಿಗೆ ಆಡಲು ಅಂತ ಒಂದು ತುಂಡು ನೆಲ ಬಿಟ್ಟುಕೊಟ್ಟಿದ್ದ. ಹುಡುಗ ಅದರಲ್ಲೇ ದಾರಿ ಬಿಡಿಸುವುದು, ಪಾತಿ ಮಾಡುವುದು, ಏನಾದರೂ ಬಿತ್ತುವುದು. ಒಮ್ಮೆ ವೆಸ್ಟ್ ಇಂಡೀಸಿನಲ್ಲಿದ್ದ ಬಂಧು ಒಬ್ಬರಿಂದ ಒಂದು ಜಾಡಿ ಹುಣಸೆಹಣ್ಣು ಬಂತಂತೆ. ನಮ್ಮ ಕಡೆ ಬೀದಿ ಬದಿಯಲ್ಲಿ ಉದುರಿ ಬಿದ್ದಿರುವ ಹುಣಸೆ ಆ ಚಳಿ ದೇಶದ ಮಕ್ಕಳಿಗೆ ಮಿಠಾಯಿ ಇದ್ದ ಹಾಗೆ. ಲೌಡನ್ ತನ್ನ ಪಾಲಿನ ಹಣ್ಣನ್ನೆಲ್ಲ ಉಳಿದ ಮಕ್ಕಳಿಗೆ ಕೊಟ್ಟುಬಿಟ್ಟ. ಷರತ್ತು ಒಂದೇ, ಹುಣಸೆಬೀಜವೆಲ್ಲ ತನಗೆ ಬರಬೇಕು. ಬಿತ್ತಲು!

ಶಾಲೆಯಲ್ಲಿ ಲ್ಯಾಟಿನ್ ತಲೆಗೆ ಹತ್ತಲಿಲ್ಲ. ಚಿತ್ರ ಬರೆಯುವುದು, ಗಿಡ ನೋಡುವುದು ಇಷ್ಟ. ಹದಿಹರೆಯದಲ್ಲೇ ಎಡಿನ್‌ಬರೋದ ನರ್ಸರಿಗಳಲ್ಲಿ ಕೆಲಸಕ್ಕೆ ಸೇರಿದ, ಜೊತೆಗೆ ವಿಶ್ವವಿದ್ಯಾಲಯದಲ್ಲಿ ಕೃಷಿ ಪ್ರಾಧ್ಯಾಪಕ ಕವೆಂಟ್ರಿ ಅವರ ಪಾಠಗಳಿಗೂ ಹೋಗುತ್ತಿದ್ದ. ಹಗಲೆಲ್ಲ ಮಣ್ಣಿನ ಕೆಲಸ, ಓದುವುದು ಯಾವಾಗ? ವಾರಕ್ಕೆ ಎರಡು ರಾತ್ರಿ ಮಲಗುವುದೇ ಇಲ್ಲ ಅಂತ ನಿಯಮ ಹಾಕಿಕೊಂಡ. ನಿದ್ದೆ ಬಾರದಿರಲಿ ಅಂತ ಕಡುಹಸಿರು ಚಹಾ ಕುಡಿದು ಬೆಳಗಿನ ತನಕ ಓದುತ್ತಿದ್ದ. ಈ ರಾತ್ರಿ ಜಾಗರಣೆಯನ್ನು ಬಹಳ ವರ್ಷ ಬಿಡಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

1803ರಲ್ಲಿ ಲಂಡನ್ನಿಗೆ ಬಂದ. ಇಪ್ಪತ್ತು ವರ್ಷದ ಹುಡುಗ. ಬಂದ ವರ್ಷವೇ ಪತ್ರಿಕೆಯೊಂದಕ್ಕೆ ಲೇಖನ ಬರೆದು, ಲಂಡನ್ನಿನ ಚೌಕಗಳಲ್ಲಿ ಮಂಕು ಬಣ್ಣದ ಯೂ ಮರಗಳನ್ನು ನೆಟ್ಟಿರುವುದು ಸರಿಯಲ್ಲ, ಹೊಗೆ ತಡೆದುಕೊಳ್ಳುವ, ಚಳಿಗಾಲದಲ್ಲಿ ಎಲೆ ಉದುರಿಸಿ ಬಿಸಿಲು ಬಿಡುವ ಮರ ಹಾಕಬೇಕು ಅಂತ ವಾದಿಸಿದ. ಪ್ಲೇನ್ ಮರವನ್ನು ಹೆಸರಿಸಿದ್ದ. ಈಗಲೂ ಲಂಡನ್ನಿನ ಚೌಕಗಳಲ್ಲಿ ಆ ಮರಗಳೇ ನಿಂತಿವೆ. ಹಳ್ಳಿಯಿಂದ ಆಗ ತಾನೇ ಬಂದವನು ರಾಜಧಾನಿಗೆ ಪಾಠ ಹೇಳಿದ್ದು ಕೆಲವರಿಗೆ ಅತಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆತನ ಸ್ವಭಾವವೇ ಹಾಗೆ. ಆ ವಯಸ್ಸಿನಲ್ಲೇ ದಿನಚರಿಯಲ್ಲಿ, ಆಯುಷ್ಯದ ಮೂರನೇ ಒಂದು ಪಾಲು ಕಳೆದೇಹೋಯಿತೇನೋ, ಜನರಿಗೆ ಉಪಯೋಗವಾಗುವಂಥದ್ದು ನಾನೇನು ಮಾಡಿದೆ ಎಂಬ ಅರ್ಥದ ಮಾತು ಬರೆದುಕೊಂಡಿದ್ದಾನೆ. ಲೆಕ್ಕ ಹೆಚ್ಚುಕಮ್ಮಿ ಸರಿಯಾಗೇ ಇತ್ತು. ಆತ ಬದುಕಿದ್ದು ಅರವತ್ತು ವರ್ಷ.

1806ರಲ್ಲಿ ವೇಲ್ಸ್ ಕಡೆ ಹೋಗುವಾಗ ಸಾರೋಟಿನ ಮೇಲ್ಗಡೆ ಕೂತು ಮಳೆಯಲ್ಲಿ ನೆನೆದ. ಅದರಿಂದ ಬಂದ ಕೀಲುವಾತದ ಜ್ವರ ತಿಂಗಳುಗಟ್ಟಲೆ ಮಲಗಿಸಿತು. ಒಂದು ಮೊಣಕಾಲು ಖಾಯಮ್ಮಾಗಿ ಬಿಗಿದುಕೊಂಡಿತು, ಒಂದು ಕೈ ಸೆಟೆದುಕೊಂಡಿತು. ಮೈ ಚೇತರಿಸಿಕೊಳ್ಳುತ್ತಿದ್ದ ಹಾಗೆ ಇಂಗ್ಲೆಂಡಿನ ಬೇಸಾಯ ಸರಿಯಿಲ್ಲ ಅನಿಸಿತು. ಅಪ್ಪನನ್ನೂ ಕರೆಸಿಕೊಂಡು ಹೊಲ ಹಿಡಿದ. ಆಮೇಲೆ ಆಕ್ಸ್‌ಫರ್ಡ್‌ಶೈರಿನ ಗ್ರೇಟ್ ಟ್ಯೂ ಎಂಬಲ್ಲಿ ದೊಡ್ಡ ಎಸ್ಟೇಟು ಗುತ್ತಿಗೆ ಹಿಡಿದು, ಅಲ್ಲೇ ಯುವಕರಿಗೆ ಕೃಷಿ ಕಲಿಸುವ ಶಾಲೆಯನ್ನೂ ನಡೆಸಿದ. 1811ರ ಹೊತ್ತಿಗೆ ಕೈಯಲ್ಲಿ ಸುಮಾರು 15,000 ಪೌಂಡು. ಆ ಕಾಲಕ್ಕೆ ಕೂತು ತಿನ್ನಬಹುದಾದ ಆಸ್ತಿ.

ಆತ ಕೂರಲಿಲ್ಲ. 1813ರಲ್ಲಿ ಯುರೋಪಿನ ಉತ್ತರ ದೇಶಗಳ ತೋಟ ನೋಡಲು ಹೊರಟ. ಸ್ವೀಡನ್, ಪ್ರಷ್ಯ, ಪೋಲೆಂಡ್ ದಾಟಿ ರಷ್ಯ. ಹಿಂದಿನ ವರ್ಷವಷ್ಟೇ ನೆಪೋಲಿಯನ್ನನ ಸೈನ್ಯ ಸೋತು ಹಿಂದಿರುಗಿದ್ದ ದಾರಿ ಅದು. ದಾರಿಯುದ್ದಕ್ಕೂ ಸತ್ತ ಕುದುರೆಗಳು, ಮುರಿದ ಬಂಡಿಗಳು. ಒಂದು ಕಡೆ ಕೊಸಾಕ್ ಸವಾರರು ಅಡ್ಡಹಾಕಿದರು. ಇನ್ನೊಂದು ಕಡೆ ಹಿಮದಲ್ಲಿ ಬಂಡಿ ಸಿಕ್ಕಿಬಿದ್ದು, ಗಾಡಿಯವರು ಕುದುರೆ ಬಿಚ್ಚಿಕೊಂಡು ಹೋಗಿ, ಇವನು ರಾತ್ರಿಯಿಡೀ ಒಬ್ಬನೇ ಬಂಡಿಯೊಳಗೆ ಕಳೆಯಬೇಕಾಯಿತು. ಸುಟ್ಟುಹೋಗಿದ್ದ ಮಾಸ್ಕೋ ನೋಡಿ 1814ರಲ್ಲಿ ಮರಳಿದಾಗ, ಇಲ್ಲಿ ಹೂಡಿಟ್ಟಿದ್ದ ಹಣ ಮುಳುಗಿಹೋಗಿತ್ತು. ಮೂವತ್ತು ದಾಟಿದ ಮೇಲೆ ಮತ್ತೆ ಮೊದಲಿನಿಂದ ಶುರು.

ಆ ಬಡತನದ ದಿನಗಳಲ್ಲೇ ಆತ ಗಾಜಿನ ಮನೆಗಳ ಕಡೆ ಗಮನ ಹರಿಸಿದ್ದು. ಆಗಿನ ಗಾಜಿನ ಮನೆಗಳಿಗೆ ದಪ್ಪ ಮರದ ಚೌಕಟ್ಟು. ಅದು ಬೆಳಕಿಗೆ ಅಡ್ಡ, ಮೇಲಾಗಿ ಬಗ್ಗುವುದಿಲ್ಲ. 1816ರಲ್ಲಿ ಲೌಡನ್ ಬಗ್ಗಿಸಬಹುದಾದ ತೆಳು ಕಬ್ಬಿಣದ ಪಟ್ಟಿ ಕಂಡುಹಿಡಿದ. ಗಾಜನ್ನು ಗುಮ್ಮಟದ ಆಕಾರದಲ್ಲಿ ಕೂರಿಸಲು ಅದರಿಂದ ಸಾಧ್ಯವಾಯಿತು. ಅದರ ಹಕ್ಕನ್ನು ಒಂದು ಕಂಪನಿಗೆ ಕೊಟ್ಟುಬಿಟ್ಟ. ಲಾಭ ಮಾಡಿಕೊಂಡವರು ಬೇರೆಯವರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ ಅನ್ನುತ್ತಾರೆ. ಆ ಪ್ಯಾಲೇಸು ಕಟ್ಟಿದವನು ಜೋಸೆಫ್ ಪ್ಯಾಕ್ಸ್ಟನ್. ಅವನು ಬಳಸಿದ ಏಣು-ತಗ್ಗಿನ ಗಾಜಿನ ಛಾವಣಿಯ ವಿಚಾರವನ್ನು ಅದಕ್ಕೂ ಮೂವತ್ತು ವರ್ಷ ಮುಂಚೆ ಬರೆದಿಟ್ಟಿದ್ದವನು ಲೌಡನ್ನೇ. ಪ್ಯಾಕ್ಸ್ಟನ್ ಮುಂದೆ ಮತ್ತೆ ಬರುತ್ತಾನೆ.

ಈಗ ಕೈಯ ವಿಷಯ. 1820ರಲ್ಲಿ ಕೀಲುವಾತ ಹೆಚ್ಚಾಗಿ ಬ್ರೈಟನ್ ಎಂಬ ಸಮುದ್ರತೀರದ ಊರಿಗೆ ಚಿಕಿತ್ಸೆಗೆ ಹೋದ. ಅಲ್ಲಿ ಪಟ್ನಾ ಕಡೆಯಿಂದ ಹೋಗಿ ನೆಲೆಸಿದ್ದ ದೀನ್ ಮಹಮದ್ ಎಂಬುವರ ಹಬೆಸ್ನಾನದ ಮನೆ ಬಹಳ ಹೆಸರುವಾಸಿ. ಮೈ ಒತ್ತಿ ನೀವುವುದಕ್ಕೆ ಅಲ್ಲಿ ಶಾಂಪೂ ಅನ್ನುತ್ತಿದ್ದರು. ನಾವು ಇವತ್ತು ತಲೆಗೆ ಹಾಕಿಕೊಳ್ಳುವ ಶಾಂಪೂ ಎಂಬ ಮಾತು ಹಿಂದುಸ್ತಾನಿಯಿಂದ ಇಂಗ್ಲಿಷಿಗೆ ಹೋಗಿ ಬೇರೆ ವೇಷದಲ್ಲಿ ನಮ್ಮಲ್ಲಿಗೇ ವಾಪಸು ಬಂದದ್ದು. ಇರಲಿ. ಮೊದಲೇ ಸೊರಗಿದ್ದ ಲೌಡನ್ನನ ಬಲಗೈ ಆ ಚಿಕಿತ್ಸೆಯ ಹೊತ್ತಿನಲ್ಲಿ ಭುಜದ ಹತ್ತಿರ ಮುರಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲ. ಆ ನೋವಿನಲ್ಲೇ, 1822ರಲ್ಲಿ, ಸುಮಾರು ಒಂದೂವರೆ ಸಾವಿರ ಪುಟದ ತೋಟಗಾರಿಕೆ ವಿಶ್ವಕೋಶ ಹೊರಬಂತು. ಗೊಬ್ಬರದಿಂದ ಹಿಡಿದು ಚೀನಾದ ತೋಟಗಳ ತನಕ ಎಲ್ಲ ಒಂದೇ ಪುಸ್ತಕದಲ್ಲಿ. ಆಮೇಲೆ ಕೈ ಮತ್ತೆ ಮುರಿಯಿತು, ಕಡೆಗೆ ಭುಜದಿಂದಲೇ ಕತ್ತರಿಸಬೇಕಾಯಿತು. ಅರಿವಳಿಕೆ ಇನ್ನೂ ಬಂದಿರದ ಕಾಲ. ವೈದ್ಯರು ಬಂದಾಗ ತಾನೇ ಮೆಟ್ಟಿಲು ಹತ್ತಿ ಮಹಡಿಗೆ ಹೋದನಂತೆ. ಕೈ ತೆಗೆದ ಮೇಲೆ ಕೆಳಗಿಳಿದು ಅರ್ಧಕ್ಕೆ ನಿಂತಿದ್ದ ಕೆಲಸ ಮುಂದುವರಿಸುತ್ತೇನೆ ಅಂತ ಹೊರಟವನನ್ನು ಹಿಡಿದು ಮಲಗಿಸಬೇಕಾಯಿತಂತೆ.

ಉಳಿದ ಎಡಗೈಯಲ್ಲೂ ಹೆಬ್ಬೆರಳು ಮತ್ತು ಎರಡು ಬೆರಳು ಕ್ರಮೇಣ ಸೆಟೆದುಕೊಂಡವು. ನೆಟ್ಟಗೆ ಕೆಲಸಕ್ಕೆ ಬಂದದ್ದು ಉಂಗುರದ ಬೆರಳು, ಕಿರುಬೆರಳು ಎರಡೇ. ಅಲ್ಲಿಂದ ಮುಂದೆ ಬರೆಯಲು ಒಬ್ಬ, ಚಿತ್ರ ಬಿಡಿಸಲು ಒಬ್ಬ ಅಂತ ಇಟ್ಟುಕೊಂಡು ಬಾಯಲ್ಲಿ ಹೇಳಿ ಬರೆಸಿದ.

ನೋವು ತಡೆಯಲು ಅಫೀಮಿನ ದ್ರಾವಣ ಕುಡಿಯುವ ಚಟವೂ ಅಂಟಿತ್ತು. ಎಂಟು ಗಂಟೆಗೊಮ್ಮೆ ಒಂದು ವೈನ್ ಲೋಟದಷ್ಟು. ಕಲಿತದ್ದನ್ನು ಬಿಡಿಸಿಕೊಂಡ ರೀತಿ ಮಾತ್ರ ಥೇಟ್ ತೋಟಗಾರನದು. ಬಾಟಲಿಯಿಂದ ಒಂದು ಲೋಟ ತೆಗೆದಾಗಲೆಲ್ಲ ಅದೇ ಬಾಟಲಿಗೆ ಒಂದು ಲೋಟ ನೀರು ಹಾಕುತ್ತಾ ಬಂದ. ದಿನ ಕಳೆದಂತೆ ದ್ರಾವಣ ತೆಳುವಾಗಿ ತೆಳುವಾಗಿ, ಕೊನೆಗೆ ಬಾಟಲಿಯಲ್ಲಿ ಉಳಿದದ್ದು ಬರೀ ನೀರು.

ಮಾಲಿಗಳ ಪತ್ರಿಕೆ

1826ರಲ್ಲಿ ‘ಗಾರ್ಡನರ್ಸ್ ಮ್ಯಾಗಜಿನ್’ ಹೊರಡಿಸಿದ. ನನ್ನ ಮಟ್ಟಿಗೆ ಲೌಡನ್ ಮಾಡಿದ ಕೆಲಸಗಳಲ್ಲೆಲ್ಲ ದೊಡ್ಡದು ಇದೇ. ಅದಕ್ಕೂ ಮುಂಚೆ ಗಿಡಗಳ ಬಗ್ಗೆ ಬರುತ್ತಿದ್ದ ಪ್ರಕಟಣೆಗಳು ಶ್ರೀಮಂತರಿಗೆ, ಪಂಡಿತರಿಗೆ. ಬಣ್ಣದ ಚಿತ್ರ, ದುಬಾರಿ ಬೆಲೆ. ತೋಟದಲ್ಲಿ ಗುದ್ದಲಿ ಹಿಡಿಯುವವನಿಗೆ ಅವು ಎಟುಕುತ್ತಿರಲಿಲ್ಲ. ಲೌಡನ್ ಅವನಿಗಾಗಿಯೇ ಪತ್ರಿಕೆ ಮಾಡಿದ. ಅವನಿಂದಲೇ ಬರೆಸಿದ. ಯಾವುದೋ ಜಮೀನುದಾರನ ಬಂಗಲೆಯ ಹಿಂದೆ ದ್ರಾಕ್ಷಿ ಬೆಳೆಸುತ್ತಿದ್ದ ಮಾಲಿ ತನ್ನ ಅನುಭವ ಬರೆದು ಕಳಿಸಿದರೆ ಅದು ಅಚ್ಚಾಗುತ್ತಿತ್ತು, ಅವನ ಹೆಸರಿನ ಸಮೇತ. ಕಾಸರಗೋಡಿನ ಅಡಿಕೆ ತೋಟಗಳ ಮನೆಗಳಲ್ಲಿ ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಓದಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಬೆಳೆಗಾರನೇ ಲೇಖನಿ ಹಿಡಿದರೆ ಏನಾಗುತ್ತದೆ ಅಂತ ನಮ್ಮವರು ಕಣ್ಣಾರೆ ಕಂಡಿದ್ದಾರೆ.

ಮೊದಲ ಸಂಚಿಕೆ ನಾಲ್ಕು ಸಾವಿರ ಪ್ರತಿ ಖರ್ಚಾಯಿತು. ಮೂರು ತಿಂಗಳಿಗೊಮ್ಮೆ ಬರುತ್ತಿದ್ದದ್ದು ಎರಡು ತಿಂಗಳಿಗೊಮ್ಮೆಯಾಗಿ, ಆಮೇಲೆ ಮಾಸಪತ್ರಿಕೆಯಾಯಿತು. ಅದರಲ್ಲಿ ಗಿಡ, ಗೊಬ್ಬರ, ಕಸಿ ಮಾತ್ರ ಇರಲಿಲ್ಲ. ಲೆಕ್ಕ, ಭೂಮಾಪನ, ಸಸ್ಯಶಾಸ್ತ್ರ ಕಲಿತ ತೋಟಗಾರನ ದಿನಗೂಲಿ, ಅಕ್ಷರ ಬಾರದ ಗಾರೆ ಕೆಲಸದವನಿಗೆ ಸಿಗುವುದರಲ್ಲಿ ಅರ್ಧವೂ ಇಲ್ಲ, ಇದೆಂಥ ನ್ಯಾಯ ಅಂತ ಲೌಡನ್ ಯಜಮಾನರುಗಳನ್ನೇ ಕೇಳಿದ. ಗಾಜಿನ ಮನೆಯ ಹಿಂಗೋಡೆಗೆ ಒರಗಿಸಿ ಕಟ್ಟಿದ ತೇವದ ಗೂಡುಗಳಲ್ಲಿ ಹುಡುಗ ಮಾಲಿಗಳನ್ನು ಮಲಗಿಸುವುದನ್ನು ಖಂಡಿಸಿದ. ಪ್ರತಿ ದೊಡ್ಡ ತೋಟದಲ್ಲೂ ಮಾಲಿಗಳಿಗೆ ಒಂದು ಪುಸ್ತಕದ ಕಪಾಟು ಇರಬೇಕು ಅಂತ ಒತ್ತಾಯ ಮಾಡಿದ. ದೇಶ ಸುತ್ತಿ ತೋಟ ನೋಡಿ ಬಂದರೆ, ಯಾರ ಬಂಗಲೆ ಎಷ್ಟೇ ದೊಡ್ಡದಿರಲಿ, ಕಳೆ ಬೆಳೆದಿದ್ದರೆ ಕಳೆ ಬೆಳೆದಿದೆ ಅಂತಲೇ ಬರೆಯುತ್ತಿದ್ದ.

ಈ ನಾಲಿಗೆ ಒಮ್ಮೆ ಕೈಕೊಟ್ಟಿತು. 1831ರಲ್ಲಿ ಚಾಟ್ಸ್‌ವರ್ತ್ ಎಂಬ ಡ್ಯೂಕ್ ಒಬ್ಬರ ಎಸ್ಟೇಟಿನ ತೋಟವನ್ನು ಟೀಕಿಸಿ ಬರೆದ. ಅಲ್ಲಿನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್ಟನ್. ಅವನು ಸುಮ್ಮನಿರುವ ಆಸಾಮಿಯಲ್ಲ. ಅದೇ ವರ್ಷ ತಾನೂ ಒಂದು ತೋಟದ ಪತ್ರಿಕೆ ಶುರು ಮಾಡಿದ, ಅದರಲ್ಲೇ ಉತ್ತರ ಕೊಟ್ಟ. ಬೆಲೆಯೂ ಕಡಿಮೆ. ಲೌಡನ್ನನ ಪತ್ರಿಕೆಯ ಪ್ರಸಾರ ಇಳಿಯಲಾರಂಭಿಸಿತು. ಇಬ್ಬರೂ ಮೈಮುರಿದು ಮೇಲೆ ಬಂದವರು. ಜಗಳವಾಡಿದ್ದೇನೋ ನಿಜ, ಮುಂದೆ ಸ್ನೇಹಿತರಾದರು ಎಂಬುದೂ ನಿಜ.

ಜೇನ್ ಬಂದದ್ದು

1827ರಲ್ಲಿ ಹೆಸರಿಲ್ಲದ ಲೇಖಕರ ಕಾದಂಬರಿಯೊಂದು ಬಂದಿತ್ತು. ಇಪ್ಪತ್ತೆರಡನೇ ಶತಮಾನದ ಕಲ್ಪನೆ, ಈಜಿಪ್ಟಿನ ಮಮ್ಮಿಯೊಂದು ಎದ್ದು ಕೂರುವ ಕತೆ. ಅದರಲ್ಲಿ ಉಗಿಯಿಂದ ಉಳುವ ನೇಗಿಲೂ ಬರುತ್ತದೆ. ಲೌಡನ್ ಅದನ್ನು ಓದಿ, ತೋಟಗಾರರ ಪತ್ರಿಕೆಯಲ್ಲೇ ವಿಮರ್ಶೆ ಬರೆದು, ಬರೆದ ಮಹಾಶಯರನ್ನು ಒಮ್ಮೆ ನೋಡಬೇಕಲ್ಲ ಅಂತ ಸ್ನೇಹಿತರಲ್ಲಿ ವಿಚಾರಿಸುತ್ತಿದ್ದ. 1830ರ ಫೆಬ್ರವರಿಯಲ್ಲಿ ಭೇಟಿಯಾದಾಗ ನೋಡಿದರೆ ಲೇಖಕ ಗಂಡಸಲ್ಲ, ಜೇನ್ ವೆಬ್ ಎಂಬ ಇಪ್ಪತ್ತೆರಡು ವರ್ಷದ ಹುಡುಗಿ. ತಂದೆ ತೀರಿಕೊಂಡ ಮೇಲೆ ಹೊಟ್ಟೆಪಾಡಿಗಾಗಿ ಬರವಣಿಗೆಗೆ ಇಳಿದವಳು. ಅದೇ ಸೆಪ್ಟೆಂಬರ್ 14ರಂದು ಮದುವೆ. ಆತನಿಗೆ ನಲವತ್ತೇಳು.

ಜೇನ್‌ಗೆ ಗಿಡಮರಗಳ ಗಂಧಗಾಳಿ ಇರಲಿಲ್ಲ. ದೇಶಕ್ಕೇ ತೋಟದ ಪಾಠ ಹೇಳುವವನ ಹೆಂಡತಿಗೆ ಒಂದು ಹೂವಿನ ಹೆಸರು ಬಾರದು ಅಂದರೆ ನಾಚಿಕೆಯಲ್ಲವೇ. ಗಂಡನ ಹತ್ತಿರ ಕೇಳಿದರೆ ಅವನು ಹೇಳುವುದು ತೀರಾ ಮೇಲ್ಮಟ್ಟದ್ದು, ಅರ್ಥವಾಗದು. ಜಾನ್ ಲಿಂಡ್ಲಿ ಎಂಬ ಪ್ರಾಧ್ಯಾಪಕರ ಉಪನ್ಯಾಸಗಳಿಗೆ ಹೋಗಿ ಕಲಿತಳು. ಮನೆಯಲ್ಲಿ ಗಂಡ ಹೇಳಿದ್ದನ್ನು ರಾತ್ರಿ ಎರಡು ಮೂರು ಗಂಟೆಯ ತನಕ ಕೂತು ಬರೆದುಕೊಳ್ಳುವ ಕೆಲಸವೂ ಅವಳದೇ ಆಯಿತು. ಲಂಡನ್ನಿನ ಬೇಸ್‌ವಾಟರಿನ ಪೋರ್ಚೆಸ್ಟರ್ ಟೆರೇಸಿನಲ್ಲಿ ಲೌಡನ್ ತಾನೇ ನಕ್ಷೆ ಹಾಕಿ ಕಟ್ಟಿಸಿದ್ದ ಜೋಡಿಮನೆ, ಮುಂದುಗಡೆ ಗುಮ್ಮಟದ ಗಾಜಿನ ಕೋಣೆ. ಅವನ ತಂಗಿಯರಿಬ್ಬರು ಮರದಚ್ಚು ಕೊರೆಯುವುದನ್ನು ಕಲಿತು ಪುಸ್ತಕಗಳ ಚಿತ್ರಕ್ಕೆ ದುಡಿದರು. 1832ರಲ್ಲಿ ಮಗಳು ಆಗ್ನೆಸ್ ಹುಟ್ಟಿದಳು. ಒಟ್ಟಿನಲ್ಲಿ ಮನೆಯೇ ಒಂದು ಅಚ್ಚುಕೂಟದ ಅಂಗಳವಾಗಿತ್ತು.

ಇನ್ನು ಸಾಲ. ಬ್ರಿಟನ್ನಿನಲ್ಲಿ ಬೆಳೆಯುವ ಪ್ರತಿಯೊಂದು ಮರ, ಪೊದೆಯ ಚರಿತ್ರೆಯನ್ನೂ ಚಿತ್ರ ಸಮೇತ ದಾಖಲಿಸಬೇಕೆಂಬುದು ಲೌಡನ್ನನ ಹುಚ್ಚು. ‘ಅರ್ಬೊರೇಟಂ ಎಟ್ ಫ್ರುಟಿಸೇಟಂ ಬ್ರಿಟಾನಿಕಂ’ ಎಂಬ ಉದ್ದನೆ ಹೆಸರಿನ ಆ ಗ್ರಂಥ ಬರಹ ನಾಲ್ಕು, ಚಿತ್ರ ನಾಲ್ಕು, ಒಟ್ಟು ಎಂಟು ಸಂಪುಟ. ಪ್ರಕಾಶಕರನ್ನು ನಂಬದೆ ಸ್ವಂತ ಖರ್ಚಿನಲ್ಲಿ ಮಾಡಹೊರಟ. ಚಿತ್ರವನ್ನು ಒಣಗಿದ ಎಲೆ ನೋಡಿ ಬರೆಯಕೂಡದು, ಬೇರಿನ ಮೇಲೆ ನಿಂತ ಮರವನ್ನೇ ನೋಡಿ ಬರೆಯಬೇಕು. ಮರಗಳ ಎತ್ತರ, ಸುತ್ತಳತೆ, ಮಣ್ಣು ಕೇಳಿ ಊರೂರಿನ ಜಮೀನುದಾರರಿಗೆ ಅಚ್ಚು ಹಾಕಿಸಿದ ಪ್ರಶ್ನೆಪತ್ರಗಳು ಹೋದವು. ಒಂದು ಹಂತದಲ್ಲಿ ಏಳು ಜನ ಚಿತ್ರಕಾರರು ಸಂಬಳಕ್ಕಿದ್ದರು. ಬೆಳಗ್ಗೆ ಏಳಕ್ಕೆ ತಿಂಡಿ ತಿಂದು ಅವರ ಜೊತೆ ನರ್ಸರಿಗಳಿಗೋ ಸಯಾನ್ ಹೌಸಿನ ತೋಟಕ್ಕೋ ಹೊರಟರೆ ವಾಪಸು ಬಂದು ಊಟಕ್ಕೆ ಕೂರುವುದು ರಾತ್ರಿ ಎಂಟಕ್ಕೆ. ಮಧ್ಯೆ ಒಂದು ತುತ್ತಿಲ್ಲ, ಬಹುಪಾಲು ದಿನ ಕೂರುವುದೂ ಇಲ್ಲ. ಬಿಗಿದ ಮೊಣಕಾಲಿನಲ್ಲಿ, ಒಂದು ಕೈಯಿಲ್ಲದೆ, ಇಡೀ ದಿನ ಮರದ ಬುಡದಲ್ಲಿ ನಿಂತಿರುತ್ತಿದ್ದ. ಊಟವಾದ ಮೇಲೆ ಹೇಳಿ ಬರೆಸುವ ಕೆಲಸ. ಅದೇ ವರ್ಷಗಳಲ್ಲಿ ತೋಟದ ಪತ್ರಿಕೆ ಅಲ್ಲದೆ ಪ್ರಕೃತಿ ವಿಜ್ಞಾನದ್ದೊಂದು, ವಾಸ್ತುಶಿಲ್ಪದ್ದೊಂದು ಪತ್ರಿಕೆಗೂ ಆತ ಸಂಪಾದಕ. ಮುಂದೆ ದೊಡ್ಡ ಕಲಾವಿಮರ್ಶಕನಾದ ಜಾನ್ ರಸ್ಕಿನ್ ಹುಡುಗನಾಗಿದ್ದಾಗ ಬರೆದದ್ದಕ್ಕೆ ಜಾಗ ಕೊಟ್ಟದ್ದು ಈ ಪತ್ರಿಕೆಗಳೇ.

1838ರಲ್ಲಿ ಗ್ರಂಥ ಮುಗಿಯಿತು. ಲೆಕ್ಕ ಹಾಕಿ ನೋಡಿದರೆ ಅಚ್ಚಿನವನಿಗೆ, ಕಾಗದದವನಿಗೆ, ಅಚ್ಚು ಕೊರೆದವನಿಗೆ ಸೇರಿ ಕೊಡಬೇಕಾದ ಹಣ 10,000 ಪೌಂಡು. ಯಾವ ಮಿತ್ರನೂ ಇಂಥ ಕೆಲಸಕ್ಕೆ ಇಳಿ ಅಂತ ಹೇಳಿರಲಾರ. ಸ್ಪಷ್ಟವಾಗಿ ಹೇಳುವುದಾದರೆ, ಹೆಂಡತಿ ಮಗಳಿರುವವನು ಮಾಡಬಾರದಿದ್ದ ಕೆಲಸ. ಆದರೆ ಆ ಎಂಟು ಸಂಪುಟಗಳನ್ನು ಮರಗಳ ಬಗ್ಗೆ ಬರೆಯುವವರು ಈಗಲೂ ತೆಗೆದು ನೋಡುತ್ತಾರೆ.

ಸಾಲ ತೀರಿಸಲು ನಿಂತವಳು ಜೇನ್. ತಾನು ಕಷ್ಟಪಟ್ಟು ಕಲಿತದ್ದನ್ನೇ, ತನ್ನಂತೆ ಏನೂ ಗೊತ್ತಿಲ್ಲದ ಹೆಂಗಸರಿಗೆ ಗೊತ್ತಾಗುವ ಹಾಗೆ ಬರೆದಳು. 1840ರಲ್ಲಿ ಬಂದ ‘ಹೆಂಗಸರಿಗೆ ತೋಟಗಾರಿಕೆ ಪಾಠ’ ಎಂಬ ಅರ್ಥದ ಪುಸ್ತಕ ಅಂಗಡಿಗೆ ಬಂದದ್ದೇ ತಡ, ಕೈಯಿಂದ ಕೈಗೆ ಹೋಯಿತು. ಹೆಂಗಸು ಗುದ್ದಲಿ ಹಿಡಿಯುವುದು ಹೇಗೆ, ಕೈಗೆ ಎಂಥ ಗವಸು, ಕಾಲಿಗೆ ಎಂಥ ಬೂಟು ಎಂಬುದರಿಂದ ಶುರುವಾಗುವ ಪುಸ್ತಕ. ಪಂಡಿತನಾದ ಗಂಡ ಬರೆದದ್ದಕ್ಕಿಂತ ನಿನ್ನೆ ಮೊನ್ನೆ ಕಲಿತ ಹೆಂಡತಿ ಬರೆದದ್ದು ಹೆಚ್ಚು ಮನೆ ಮುಟ್ಟಿತು. ಆಮೇಲೆ ಪುಸ್ತಕದ ಮೇಲೆ ಪುಸ್ತಕ.

ಅದೇ 1840ರ ಸೆಪ್ಟೆಂಬರಿನಲ್ಲಿ ಲೌಡನ್ ನಕ್ಷೆ ಹಾಕಿದ ಡಾರ್ಬಿ ನಗರದ ಮರದೋಟ ತೆರೆಯಿತು. ಜೋಸೆಫ್ ಸ್ಟ್ರಟ್ ಎಂಬ ಬಟ್ಟೆ ಗಿರಣಿ ಮನೆತನದ ಸಾಹುಕಾರರು ಊರಿನ ದುಡಿಯುವ ಜನರಿಗೆ ಕೊಟ್ಟ ಹನ್ನೊಂದು ಎಕರೆ. ಸಾವಿರಕ್ಕೂ ಮಿಕ್ಕಿ ಬಗೆಯ ಮರ ಪೊದೆಗಳು, ಒಂದೊಂದಕ್ಕೂ ಹೆಸರಿನ ಫಲಕ. ವಾರದಲ್ಲಿ ಎರಡು ದಿನ ಬಿಟ್ಟಿ ಪ್ರವೇಶ, ಅದರಲ್ಲಿ ಭಾನುವಾರವೂ ಒಂದು. ಗಿರಣಿಯವರಿಗೆ ಬಿಡುವಿರುವುದೇ ಆ ದಿನವಲ್ಲವೇ. ದುಡ್ಡಿಲ್ಲದವನೂ ಒಳಗೆ ಬಂದು ಮರದ ಹೆಸರು ಓದಿ ಹೋಗಲಿ ಎಂಬ ಯೋಚನೆ ಅಂದಿಗೆ ಹೊಸದು.

1843ರಲ್ಲಿ ಶ್ವಾಸಕೋಶ ಕೆಟ್ಟಿತು. ಆದರೂ ಊರೂರಿನ ಸ್ಮಶಾನಗಳ ನಕ್ಷೆ ಹಾಕಲು ತಿರುಗಾಡುತ್ತಿದ್ದ. ಸ್ಮಶಾನವೂ ಗಿಡಮರವಿರುವ, ಜನ ನಡೆದಾಡುವ ಜಾಗವಾಗಬೇಕು ಅಂತ ಅದೇ ವರ್ಷ ಪುಸ್ತಕ ಬರೆದಿದ್ದ. ಸಾಲ ಬಹಳಷ್ಟು ತೀರಿತ್ತು. ಬಾಕಿ ಉಳಿದವರ ಕಡೆಯಿಂದ ಬಂಧನದ ಬೆದರಿಕೆ ಬಂತು. ಗ್ರಂಥದ ಉಳಿದ ಪ್ರತಿಗಳನ್ನು ಕೊಂಡು ನೆರವಾಗಿರಿ ಅಂತ ಪರಿಚಿತರಿಗೆಲ್ಲ ಪತ್ರ ಕಳಿಸಬೇಕಾಯಿತು. ಡಿಸೆಂಬರ್ 13ರ ರಾತ್ರಿ ನಡುರಾತ್ರಿಯ ತನಕ ಜೇನ್ ಕೈಯಲ್ಲಿ ಬರೆಸಿದ. ಮರುದಿನ ಮನೆಯೊಳಗೆ ಓಡಾಡಿಕೊಂಡಿದ್ದಾಗ ಮುಖ ಬದಲಾದದ್ದನ್ನು ನೋಡಿ ಜೇನ್ ಓಡಿಬಂದು ಹಿಡಿದುಕೊಂಡಳು. ನೆಲಕ್ಕೆ ಬೀಳುವ ಮೊದಲೇ, ನಿಂತ ಹಾಗೆಯೇ ಅವಳ ತೋಳಿನಲ್ಲಿ ಪ್ರಾಣ ಹೋಗಿತ್ತು. ಮಗಳಿಗೆ ಹನ್ನೊಂದು ವರ್ಷ. ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ‘ಗಾರ್ಡನರ್ಸ್ ಮ್ಯಾಗಜಿನ್’ ಅವನ ಜೊತೆಗೇ ನಿಂತಿತು.

ಜೇನ್‌ಗೆ ಮುಂದೆ ಸರ್ಕಾರ ವರ್ಷಕ್ಕೆ ನೂರು ಪೌಂಡು ಮಾಶಾಸನ ಕೊಟ್ಟಿತು. ಅದು ಸಾಲದೆ ಬರೆಯುತ್ತಲೇ ಇದ್ದು 1858ರಲ್ಲಿ ತೀರಿಕೊಂಡಳು. ಗಂಡ ಆ ಕೊನೆಯ ರಾತ್ರಿ ಬರೆಸುತ್ತಿದ್ದದ್ದು ಯಾವುದೋ ಡ್ಯೂಕನ ತೋಟದ ವಿಚಾರವಲ್ಲ. ಶಾಲೆಗೆ ಹೋಗಲಾಗದ ಹುಡುಗ ಮಾಲಿಗಳು ಲೆಕ್ಕ, ರೇಖಾಗಣಿತ, ಜಮೀನು ಅಳೆಯುವುದು, ನಕ್ಷೆ ಬರೆಯುವುದನ್ನು ತಾವೇ ಕೂತು ಕಲಿತುಕೊಳ್ಳಲು ಒಂದು ಪುಸ್ತಕ. ಅರ್ಧಕ್ಕೆ ನಿಂತಿದ್ದ ಅದನ್ನು ಜೇನ್, ಗಂಡನ ಜೀವನಚರಿತ್ರೆಯನ್ನು ಮುಂದೆ ಸೇರಿಸಿ, 1845ರಲ್ಲಿ ಅಚ್ಚು ಹಾಕಿಸಿದಳು. ಆ ಹುಣಸೆಬೀಜದ ಸಂಗತಿ ನಮಗೆ ಸಿಕ್ಕಿರುವುದು ಅದರಲ್ಲೇ.